ಮೊಣಕಾಲಿನ ಎಕ್ಸ್‌ರೇ ಬಗ್ಗೆ ನಿನಗೆ ಹೇಳಬೇಕಾದ್ದು

ಚಿ. ಸೌ. ಮಗಳಿಗೆ ಅನೇಕ ಆಶೀರ್ವಾದಗಳು.

ನೀನು ಕಳಿಸಿದ ಎರಡೂ ಎಕ್ಸ್‌ರೇ ವರದಿ ನೋಡಿದೆ. ಮೊಣಕಾಲಿನ ಸವೆತ ನಿನ್ನದರಲ್ಲಿ ಗ್ರೇಡ್ 1, ಅಂದರೆ ಬಹಳ ಕಡಿಮೆ; ನಿಮ್ಮ ಅತ್ತೆಯದರಲ್ಲಿ ಗ್ರೇಡ್ 4, ಅಂದರೆ ಎಲ್ಲಕ್ಕಿಂತ ಹೆಚ್ಚು. ಅವರು ಈಗಲೂ ಗುಳೇದಗುಡ್ಡದ ಮನೆಯಲ್ಲಿ ಕುಣಿಮಗ್ಗಕ್ಕೆ ಕೂತು ಖಣ ನೇಯುತ್ತಾರೆ, ನಿನಗೆ ಮಾಳಿಗೆಯಿಂದ ಇಳಿಯುವುದೇ ಕಷ್ಟ. ಅದಕ್ಕೇ ಮನೆಯಲ್ಲಿ ನಿನ್ನ ನೋವು ಬರೀ ನೆಪ ಅನ್ನುವ ಮಾತು ಬಂದಿದೆ. ನೆಪ ಅಲ್ಲವ್ವ. ಈ ಪತ್ರವನ್ನು ಅವರಿಗೂ ಓದಿ ಹೇಳು.

ಈ ಗ್ರೇಡು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವ ವೈದ್ಯರು ಮಾಡಿದ ಅಳತೆ, 0ಯಿಂದ 4ರ ತನಕ. ಎಲುಬಿನ ಅಂಚಿನಲ್ಲಿ ಮುಳ್ಳು ಬೆಳೆದಿದೆಯೇ, ಎರಡು ಎಲುಬಿನ ನಡುವಿನ ಸಂದು ಕಿರಿದಾಗಿದೆಯೇ, ಮುಖ್ಯವಾಗಿ ಇದನ್ನೇ ಅದು ನೋಡುತ್ತದೆ. ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಎಲುಬಿನ ತುದಿಗೆ ಹೊದ್ದ ನುಣುಪಾದ ಪದರ, ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಸಂದು ಕಿರಿದಾದದ್ದನ್ನು ನೋಡಿ ಅದು ಸವೆದಿದೆ ಅಂತ ಊಹಿಸುತ್ತಾರೆ. ಅದಕ್ಕಿಂತ ಮುಖ್ಯ, ಮೃದ್ವಸ್ಥಿಗೆ ನರವೇ ಇಲ್ಲ. ಅದು ಸವೆದರೆ ಸವೆದದ್ದಕ್ಕೆ ನೋವಾಗುವುದಿಲ್ಲ. ನರ ಇರುವುದು ಅದರ ಕೆಳಗಿನ ಎಲುಬಿನಲ್ಲಿ, ಕೀಲಿನ ಒಳಪೊರೆಯಲ್ಲಿ, ಸುತ್ತಲಿನ ಚೀಲದಲ್ಲಿ, ಮೊಣಕಾಲ ಚಿಪ್ಪಿನ ಕೆಳಗಿನ ಕೊಬ್ಬಿನಲ್ಲಿ. ಎಲುಬಿನ ಒಳಗೆ ಆದ ಗಾಯ, ಒಳಪೊರೆಯ ಬಾವು ಎಂಆರ್‌ಐಯಲ್ಲಿ ಕಾಣುತ್ತವೆ. ಅವು ವಾರ-ತಿಂಗಳುಗಳಲ್ಲಿ ಹೆಚ್ಚು-ಕಡಿಮೆ ಆಗುವಂಥವು. ಎಕ್ಸ್‌ರೇ ಹಾಗೇ ಇದ್ದರೂ ಒಂದು ವಾರ ನೋವು ಏರಿ ಇನ್ನೊಂದು ವಾರ ಇಳಿಯುವುದಕ್ಕೆ ಇದೊಂದು ಕಾರಣ. ನೋವು ಬಹಳ ಕಾಲ ನಿಂತರೆ ನರಗಳೂ ಸೂಕ್ಷ್ಮವಾಗುತ್ತವೆ. ಮೊದಲು ತಡೆಯುತ್ತಿದ್ದ ಭಾರ ಆಮೇಲೆ ತಡೆಯುವುದಿಲ್ಲ. ನಿದ್ದೆ ಕೆಟ್ಟರೆ ಇದು ಇನ್ನೂ ಜಾಸ್ತಿ. ನಿನ್ನ ನಿದ್ದೆ ಸರಿ ಇಲ್ಲ ಅಂತ ಬರೆದಿದ್ದೀ, ಅದನ್ನು ಡಾಕ್ಟರಿಗೂ ಹೇಳು.

ಹಾಗಂತ ಎಕ್ಸ್‌ರೇ ಸುಳ್ಳು ಅಂತ ತಿಳಿಯಬೇಡ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಒಂದೇ ಮನುಷ್ಯನ ಎರಡು ಮೊಣಕಾಲುಗಳನ್ನು ಹೋಲಿಸಿ ನೋಡಿತು. ನಿದ್ದೆ, ಚಿಂತೆ, ಮೈತೂಕ ಎಲ್ಲ ಎರಡಕ್ಕೂ ಒಂದೇ. ಆಗ ಹೆಚ್ಚು ಸವೆದ ಕಾಲಿಗೇ ಹೆಚ್ಚು ನೋವು ಅನ್ನುವುದು ಸ್ಪಷ್ಟವಾಗಿ ಕಂಡಿತು. ಸವೆತಕ್ಕೂ ನೋವಿಗೂ ಸಂಬಂಧ ಗಟ್ಟಿಯಾಗಿಯೇ ಇದೆ. ಒಬ್ಬರ ಫಿಲ್ಮನ್ನು ಇನ್ನೊಬ್ಬರ ಫಿಲ್ಮಿನ ಪಕ್ಕ ಇಟ್ಟಾಗ ಮಾತ್ರ ಅದು ಮಸುಕಾಗುತ್ತದೆ. ನಿಮ್ಮ ಮನೆಯಲ್ಲಿ ಆದದ್ದು ಅದೇ.

ನಿನ್ನ ವಿಷಯದಲ್ಲಿ ನನಗೆ ಇನ್ನೊಂದು ಅನುಮಾನ ಇದೆ. ನಿನಗೆ ಸಮ ನೆಲದಲ್ಲಿ ನಡೆದಾಗ ತೊಂದರೆ ಇಲ್ಲ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ಮುಂಭಾಗದಲ್ಲಿ ನೋವು. ಅದು ಹೆಚ್ಚಾಗಿ ಚಿಪ್ಪಿನ ಹಿಂದಿನ ಕೀಲಿನದು. ನಿನಗೆ ಎದುರಿನಿಂದ ಒಂದೇ ಚಿತ್ರ ತೆಗೆದಿದ್ದಾರೆ, ಅದರಲ್ಲಿ ಆ ಕೀಲು ಸರಿಯಾಗಿ ಕಾಣುವುದಿಲ್ಲ. ಪಕ್ಕದಿಂದ ಒಂದು, ಮೊಣಕಾಲು ಮಡಚಿ ಚಿಪ್ಪಿನ ಮೇಲಿನಿಂದ ಒಂದು ಚಿತ್ರ ಬೇಕು. ಎದುರಿನ ಚಿತ್ರವೂ ನಿಂತುಕೊಂಡೇ ತೆಗೆಸಿದ್ದಿರಬೇಕು; ಮಲಗಿಸಿ ತೆಗೆದರೆ ಭಾರ ಬೀಳದೆ ಸಂದು ಅಗಲವಾಗಿಯೇ ಕಾಣುತ್ತದೆ.

ಈಗ ಮಾಡಬೇಕಾದ್ದು. ಮಂಚದ ಮೇಲೆ ಕಾಲು ಚಾಚಿ ತೊಡೆಯ ಸ್ನಾಯು ಬಿಗಿಹಿಡಿ, 5 ಎಣಿಸಿ ಬಿಡು, ಹತ್ತು ಸಲ. ಇದು ಸಲೀಸಾದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂಡು, ಅದೂ ಹತ್ತು. ವಾರಕ್ಕೆ ಮೂರು ದಿನ. ಮಾಡುವಾಗ ಸ್ವಲ್ಪ ನೋವಾದರೆ ಕೀಲು ಹಾಳಾಗುತ್ತಿದೆ ಅಂತ ಅರ್ಥವಲ್ಲ. ಮರುದಿನ ಮುಂಜಾನೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸಾಕು. ಇಳಿಯದಿದ್ದರೆ ಸಂಖ್ಯೆ ಅರ್ಧಕ್ಕೆ ಇಳಿಸು, ನಿಲ್ಲಿಸಬೇಡ. ಎರಡು-ಮೂರು ತಿಂಗಳಿಗೆ ಮೊದಲು ಫಲ ಇಲ್ಲ ಅಂತ ಬಿಡಬೇಡ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಡಿಕ್ಲೋಫೆನಾಕ್ ಮುಲಾಮು ಹಚ್ಚಬಹುದು. ಅದೇ ಔಷಧದ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡ, ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡ ಎಲ್ಲಕ್ಕೂ ಅದು ಕೆಟ್ಟದು.

ದುರ್ಬೀನು ಹಾಕಿ (ಆರ್ತ್ರೋಸ್ಕೋಪಿ) ಕೀಲು ತೊಳೆಯುತ್ತೇವೆ ಅಂದರೆ ಒಪ್ಪಬೇಡ. 2002ರಲ್ಲಿ ಪ್ರಕಟವಾದ, ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ ಪರೀಕ್ಷೆಯಲ್ಲಿ, ಚರ್ಮ ಮಾತ್ರ ಕೊಯ್ದು ಹೊಲಿಸಿಕೊಂಡವರಿಗೂ ತೊಳೆಸಿಕೊಂಡವರಿಗೂ ನೋವು ಒಂದೇ ರೀತಿ ಇತ್ತು. ಕೀಲು ಬದಲಿಸುವ ಮಾತಂತೂ ನಿನಗೆ ಈಗ ಬೇಡ: ಸವೆತ ಕಡಿಮೆ, ನೋವು ಹೆಚ್ಚು ಇದ್ದವರಲ್ಲಿ ಆ ಶಸ್ತ್ರಚಿಕಿತ್ಸೆಯ ನಂತರವೂ ನೋವು ಉಳಿಯುವ ಸಂಭವ ಜಾಸ್ತಿ. ಅತ್ತೆಗೂ ಬರೀ ಗ್ರೇಡ್ 4 ನೋಡಿ ಆಪರೇಷನ್ ಗೊತ್ತು ಮಾಡಬೇಡಿ. ಅವರ ನಡೆ, ನಿದ್ದೆ, ಕೆಲಸ ನಿಂತಾಗ, ವ್ಯಾಯಾಮ-ಔಷಧಿ ಸಾಲದಾದಾಗ ಅದನ್ನು ಯೋಚಿಸೋಣ.

ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಬಾಗಲಕೋಟೆಗೆ ಹೊರಡು. ಕಾಲು ಮಡಚಿದಲ್ಲೇ ಸಿಕ್ಕಿಬಿದ್ದರೆ, ಮುಂಜಾನೆಯ ಬಿಗಿತ ಒಂದು ತಾಸಿಗಿಂತ ಹೆಚ್ಚು ಉಳಿದರೆ ಆ ವಾರದಲ್ಲೇ ತೋರಿಸು. ಡಾಕ್ಟರಿಗೆ ಸೊಂಟದ ಕೀಲನ್ನೂ ತಿರುಗಿಸಿ ನೋಡಲು ಹೇಳು, ಸೊಂಟದ ನೋವು ಎಷ್ಟೋ ಸಲ ಮೊಣಕಾಲಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಫಿಲ್ಮು, ತಿನ್ನುವ ಎಲ್ಲ ಗುಳಿಗೆಗಳ ಚೀಟಿ ಜೊತೆಗಿರಲಿ.

ಇತಿ,
ನಿನ್ನ ಸೋದರತ್ತೆ