‘ಅಮು’ ನೋಡಹೊರಟ ಮಗಳಿಗೊಂದು ಪತ್ರ

ಬದಿಯಡ್ಕ

ಪ್ರೀತಿಯ ಮಗಳಿಗೆ,

ಶೊನಾಲಿ ಬೋಸ್ ನಿರ್ದೇಶಿಸಿದ ‘ಅಮು’ ಚಿತ್ರವನ್ನು ಹಾಸ್ಟೆಲಿನ ಗೆಳತಿಯರೊಡನೆ ನೋಡಲಿರುವುದಾಗಿ ತಿಳಿಸಿ, ಅದರಲ್ಲಿರುವುದು ನಿಜವಾಗಿ ನಡೆದದ್ದೇ ಎಂದು ಕೇಳಿದ್ದೀಯೆ. ಕೊಂಕಣಾ ಸೇನ್ ಶರ್ಮಾ ಅಭಿನಯಿಸಿರುವ ಕಾಜೂ ಕಲ್ಪಿತ ಪಾತ್ರ. ಅಮೆರಿಕದಲ್ಲಿ ಬೆಳೆದ ಆ ಹುಡುಗಿ ತನ್ನ ಹುಟ್ಟಿನ ಜಾಡು ಹಿಡಿದು ನಡೆದಾಗ ಎದುರಾಗುವ 1984ರ ದೆಹಲಿ ಮಾತ್ರ ಕಲ್ಪನೆಯಲ್ಲ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಸಿಖ್ ಅಂಗರಕ್ಷಕರು ಗುಂಡಿಟ್ಟು ಕೊಂದ ಬಳಿಕದ ದಿನಗಳಲ್ಲಿ, ಸರಕಾರಿ ಲೆಕ್ಕದ ಪ್ರಕಾರವೇ, ಆ ನಗರವೊಂದರಲ್ಲಿ 2,733 ಸಿಖ್ಖರು ಹತರಾದರು. ತ್ರಿಲೋಕಪುರಿಯಂಥ ಬಡವರ ಬಡಾವಣೆಗಳಲ್ಲಿ ಗಂಡಸರನ್ನು ಮನೆಯಿಂದ ಹೊರಗೆಳೆದು ಸುಟ್ಟರು.

ಆ ನವೆಂಬರಿನಲ್ಲಿ ರಾಜೀವ್ ಗಾಂಧಿಯವರು, ದೊಡ್ಡ ಮರ ಉರುಳಿದಾಗ ನೆಲ ನಡುಗುತ್ತದೆ ಎಂಬರ್ಥದ ಮಾತನ್ನಾಡಿದರು. ನನಗೆ ಇಂದಿಗೂ ಅದನ್ನು ಒಪ್ಪಲಾಗಿಲ್ಲ. ನಡುಗುವ ನೆಲ ಮತದಾರರ ಪಟ್ಟಿ ಹಿಡಿದು ಸಿಖ್ಖರ ಮನೆಗಳನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಸೀಮೆಎಣ್ಣೆಯನ್ನು ಒದಗಿಸಿದವರಿದ್ದರು, ಬಸ್ಸುಗಳಲ್ಲಿ ಜನರನ್ನು ತಂದಿಳಿಸಿದವರಿದ್ದರು, ಪೊಲೀಸರು ಕಣ್ಣೆದುರೇ ಸುಮ್ಮನಿದ್ದರು ಎಂಬುದನ್ನು ಬದುಕುಳಿದವರು ಒಂದಾದ ಮೇಲೊಂದು ಆಯೋಗದ ಮುಂದೆ ಹೇಳುತ್ತಲೇ ಬಂದಿದ್ದಾರೆ. (ನಮ್ಮಲ್ಲಿಯೂ ಹರತಾಳದ ದಿನ ಬಸ್ಸಿಗೆ ಕಲ್ಲು ಬಿದ್ದರೆ ‘ಜನರ ಆಕ್ರೋಶ’ ಎಂದು ಹೇಳಿಕೆ ಕೊಟ್ಟು ಮುಗಿಸುವುದುಂಟು, ಕಲ್ಲು ತಂದಿಟ್ಟವರು ಯಾರೆಂಬುದು ಪೇಟೆಗೆಲ್ಲ ಗೊತ್ತಿರುತ್ತದೆ.)

ಗುಂಪಿನ ದೃಶ್ಯಗಳಿಗಿಂತ ವಿಧವೆಯರು ಮಾತಾಡುವ ಭಾಗವನ್ನು ಗಮನವಿಟ್ಟು ನೋಡು. ಮಂತ್ರಿಗಳ, ಪೊಲೀಸರ ಕೈವಾಡದ ಕುರಿತ ಕೆಲವು ಮಾತುಗಳನ್ನು ಸೆನ್ಸಾರ್ ಮಂಡಳಿ ತೆಗೆಸಿತು. ನಿರ್ದೇಶಕಿ ಬೇರೆ ಮಾತು ತುಂಬಿಸದೆ ಧ್ವನಿಯನ್ನಷ್ಟೇ ಅಳಿಸಿದರು. ಹಾಗಾಗಿ ಭಾರತದಲ್ಲಿ ತೆರೆಕಂಡ ಪ್ರತಿಯಲ್ಲಿ ಆ ಹೆಂಗಸರ ತುಟಿಗಳು ಆಡುತ್ತವೆ, ಸದ್ದು ಮಾತ್ರ ಇಲ್ಲ. ಅಷ್ಟಾದರೂ ಚಿತ್ರಕ್ಕೆ ಸಿಕ್ಕಿದ್ದು ‘ಎ’ ಪ್ರಮಾಣಪತ್ರ.

ಚಿತ್ರ ತೆರೆಕಂಡ 2005ರಲ್ಲೇ, ಆ ಹತ್ಯೆಗಳ ತನಿಖೆ ನಡೆಸಿದ ನಾನಾವತಿ ಆಯೋಗದ ವರದಿ ಸಂಸತ್ತಿನ ಮುಂದೆ ಬಂತು, ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಸಭೆಯಲ್ಲಿ ಕ್ಷಮೆ ಯಾಚಿಸಿದರು. ಆ ಹತ್ಯೆಗಳ ಪ್ರಕರಣವೊಂದರಲ್ಲಿ ಕಾಂಗ್ರೆಸ್ಸಿನ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ಆ ಹತ್ಯೆಗಳಲ್ಲಿ ಗಂಡನನ್ನು ಕಳೆದುಕೊಂಡ ವಿಧವೆಯರಲ್ಲಿ ಅನೇಕರಿಗೆ ಪಶ್ಚಿಮ ದೆಹಲಿಯ ತಿಲಕ್ ವಿಹಾರದಲ್ಲಿ ಮನೆ ಕೊಡಲಾಯಿತು. ಚಿತ್ರ ನೋಡಿದ ಹುಮ್ಮಸ್ಸಿನಲ್ಲಿ ನೀವೆಲ್ಲ ಅಲ್ಲಿಗೆ ಹೊರಡುವುದಾದರೆ, ಅವರ ಪರಿಚಯವಿರುವ ಯಾರನ್ನಾದರೂ ಜತೆಗೆ ಕರೆದುಕೊಳ್ಳಿ, ಮೊಬೈಲನ್ನು ಚೀಲದೊಳಗೇ ಇಟ್ಟುಕೊಳ್ಳಿ.

ನಿನ್ನ ಅಮ್ಮ