ಮಗಳಿಗೊಂದು ಪತ್ರ: ಅಜ್ಜಿ ಕೇಳಿದ ಪ್ರಶ್ನೆ

ಸಾಗರ, ಭಾನುವಾರ ಬೆಳಿಗ್ಗೆ

ಪುಟ್ಟೀ,

ಫೋನಿನಲ್ಲಿ ಹೇಳಿದರೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಯ ಕಣ್ಣಿನ ಪೊರೆ ತೆಗೆದು ಇವತ್ತಿಗೆ ಐದು ದಿನ. ಎರಡು ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು. ನಡುವೆ ನನಗೆ ಬೇರೆ ಕೆಲಸವಿಲ್ಲ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ನಿನ್ನ ಪುಸ್ತಕ ಹೇಗೋ ನನ್ನ ಬ್ಯಾಗಿನಲ್ಲಿ ಸೇರಿಕೊಂಡು ಇಂಗ್ಲೆಂಡಿನ ಲೆಸ್ಟರ್‌ನಿಂದ ಇಲ್ಲಿಗೆ ಬಂದುಬಿಟ್ಟಿದೆ. ಹುಡುಕಿ ಸಾಕಾಗಿ ನನ್ನನ್ನೇ ಬೈದಿರುತ್ತೀಯ. ಬೈದುಕೋ.

ಪುಸ್ತಕ ಪೂರ್ತಿ ತಿರುವಿ ಹಾಕಿದೆ. ಎಲ್ಲ ಕಡೆ ಹಳದಿ ಹೈಲೈಟರ್. ಒಂದು ಪುಟದಲ್ಲಂತೂ ಬಣ್ಣ ಬಳಿಯದ ಸಾಲು ಎರಡೇ ಉಳಿದಿವೆ. ಕೊನೆಯ ಖಾಲಿ ಹಾಳೆಯಲ್ಲಿ ‘ಬಾಯಿಪಾಠ’ ಅಂತ ಕನ್ನಡದಲ್ಲಿ ಬರೆದು, ಕೆಳಗೆ 74 ಕೊಟೇಶನ್ ಪಟ್ಟಿ ಮಾಡಿದ್ದೀಯ. ನೋಡಿ ನನಗೆ ಹಳೆಯದೊಂದು ನೆನಪಾಯಿತು. ಡಿಗ್ರಿ ಮೊದಲ ವರ್ಷದಲ್ಲಿ ನಾನು ಇಂಗ್ಲಿಷ್ ಪದ್ಯವೊಂದಕ್ಕೆ ಗೈಡಿನ ಉತ್ತರವನ್ನು ಅಲ್ಪವಿರಾಮ ಸಮೇತ ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಪದ್ಯ ಅದೇ, ಪ್ರಶ್ನೆ ಬೇರೆ. ಆದರೂ ಕಲಿತದ್ದನ್ನೇ ನಾಲ್ಕು ಪುಟ ಇಳಿಸಿ ಬಂದೆ. ಬಂದದ್ದು 38. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಪರೀಕ್ಷೆಗೆ ಪುಸ್ತಕ ಒಯ್ಯುವ ಹಾಗಿಲ್ಲ, ನಿಜ. ಆದರೆ ನಿನ್ನ ಎಕ್ಯೂಎ ಪರೀಕ್ಷಾ ಬೋರ್ಡಿನ ಜಿಸಿಎಸ್‌ಇ (ಅಲ್ಲಿನ ಎಸ್‌ಎಸ್‌ಎಲ್‌ಸಿ ಅನ್ನು) ಇಂಗ್ಲಿಷ್ ಸಾಹಿತ್ಯ ಪತ್ರಿಕೆಯಲ್ಲಿ ಮ್ಯಾಕ್‌ಬೆತ್ ಪ್ರಶ್ನೆಯ ಜೊತೆ ನಾಟಕದ ಒಂದು ತುಣುಕು ಅಚ್ಚಾಗಿಯೇ ಬರುತ್ತದೆ. ಅದರೊಳಗಿನ ಸಾಲುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ನಾಟಕದ ಉಳಿದ ಭಾಗಕ್ಕೆ ಎರಡು-ಮೂರು ಪದದ ಚೂರುಗಳು ಒಂದು ಹದಿನೈದು ಗೊತ್ತಿದ್ದರೆ ಧಾರಾಳ. ಇನ್ನೊಂದು ಲೆಕ್ಕ ನೋಡು. 30 ಅಂಕದಲ್ಲಿ ನಿನ್ನ ವಾದಕ್ಕೆ 12, ಭಾಷೆ ಮತ್ತು ರಚನೆಯ ಬಗ್ಗೆ ಹೇಳುವುದಕ್ಕೆ 12, ಆ ಕಾಲದ ಸಂದರ್ಭಕ್ಕೆ 6. ಕಾಗುಣಿತ, ವ್ಯಾಕರಣಕ್ಕೆ ಬೇರೆ 4. ನೀನು ಮಾಕ್‌ನಲ್ಲಿ, ಅಂದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಏನು ಮಾಡಿದ್ದೆ? ಆಗಿನ ಜೇಮ್ಸ್ ರಾಜನನ್ನು ಕೊಲ್ಲಲು ಹೂಡಿದ 1605ರ ಗನ್‌ಪೌಡರ್ ಸಂಚು, ಅದೇ ರಾಜ ಮಾಟಗಾತಿಯರ ಬಗ್ಗೆ ಬರೆದ ಪುಸ್ತಕ, ಎಲ್ಲ ಸೇರಿಸಿ ಮೊದಲ ಒಂದೂವರೆ ಪುಟ ಇತಿಹಾಸವೇ. ಮ್ಯಾಕ್‌ಬೆತ್ ಬರುವ ಹೊತ್ತಿಗೆ ಅರ್ಧ ಟೈಮ್ ಹೋಗಿತ್ತು.

ನಿನ್ನೆ ಮಧ್ಯಾಹ್ನ ಅಜ್ಜಿ ಕೇಳಿದರು, ‘ಅದೇನೋ ಅಷ್ಟು ಓದ್ತೀಯಲ್ಲ, ಏನಿದೆ ಅದರಲ್ಲಿ?’ ಕಪ್ಪು ಕನ್ನಡಕ ಹಾಕಿಕೊಂಡು ಕೂತವರಿಗೆ ಕತೆ ಕೇಳುವುದು ಬಿಟ್ಟು ಬೇರೇನು ಕೆಲಸ? ಪೂರ್ತಿ ಹೇಳಿದೆ. ರಾಜನನ್ನು ಕೊಲ್ಲು ಅಂತ ಮ್ಯಾಕ್‌ಬೆತ್‌ನನ್ನು ಅವನ ಹೆಂಡತಿ ಪೀಡಿಸುವ ಜಾಗಕ್ಕೆ ಬಂದಾಗ ಅಜ್ಜಿ ತಡೆದರು.

‘ಅವಳಿಗೆ ಮಕ್ಕಳಿರಲಿಲ್ವೇನೋ?’

ನಾನು ಸುಮ್ಮನಾದೆ. ಇದೇ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ವಿಮರ್ಶಕರು ಜಗಳವಾಡಿದ್ದಾರೆ ಮಾರಾಯ್ತಿ. ಮೊದಲ ಅಂಕದ ಕೊನೆಯಲ್ಲಿ ಅವಳೇ ಹೇಳುತ್ತಾಳೆ, ಮಗುವಿಗೆ ಹಾಲು ಕುಡಿಸಿದ್ದೇನೆ, ಆ ಪ್ರೀತಿ ಎಂಥದ್ದು ಅಂತ ನನಗೆ ಗೊತ್ತು ಅಂತ. ಆದರೆ ನಾಟಕದಲ್ಲಿ ಆ ಮಗು ಎಲ್ಲೂ ಇಲ್ಲ. ಈಗ ಮೂರನೇ ಅಂಕ ತೆಗೆ. ಮ್ಯಾಕ್‌ಬೆತ್ ತನ್ನ ಕಿರೀಟವನ್ನು ‘ಫ್ರೂಟ್‌ಲೆಸ್’ ಅನ್ನುತ್ತಾನೆ, ರಾಜದಂಡವನ್ನು ‘ಬ್ಯಾರನ್’ ಅನ್ನುತ್ತಾನೆ. ಎರಡೂ ಬಂಜೆತನದ ಮಾತು. ಮುಂದೆ ರಾಜರಾಗುವವರು ಬ್ಯಾಂಕೋನ ವಂಶದವರು ಅಂತ ಮಾಟಗಾತಿಯರು ಹೇಳಿದ್ದಕ್ಕೆ ಗೆಳೆಯ ಬ್ಯಾಂಕೋನನ್ನೇ ಕೊಲ್ಲಿಸುತ್ತಾನೆ, ಅವನ ಮಗ ತಪ್ಪಿಸಿಕೊಳ್ಳುತ್ತಾನೆ. ಮಾಟಗಾತಿಯರು ತೋರಿಸುವ ಮೂರು ಆಕೃತಿಗಳಲ್ಲಿ ಎರಡು ಮಕ್ಕಳೇ: ಒಂದು ರಕ್ತ ಮೆತ್ತಿದ ಮಗು, ಇನ್ನೊಂದು ಕಿರೀಟ ಹಾಕಿದ ಮಗು. ಆಮೇಲೆ ವೈರಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆ. ಸಿಂಹಾಸನ ಸಿಕ್ಕಿತು, ಕೂರಿಸುವುದಕ್ಕೆ ಮಗನಿಲ್ಲ, ಅದಕ್ಕೇ ಬೇರೆಯವರ ಮಕ್ಕಳ ಮೇಲೆ ಬಿದ್ದ ಅಂತ ಒಂದು ವಾದ ಕಟ್ಟಬಹುದು ಅಲ್ವಾ? ನಿನ್ನ ಜೇಮ್ಸ್ ರಾಜನನ್ನೂ ಇಲ್ಲಿ ಒಂದೇ ವಾಕ್ಯದಲ್ಲಿ ತರಬಹುದು: ತಾನು ಬ್ಯಾಂಕೋನ ವಂಶದವನು ಅಂತ ಅವನು ನಂಬಿದ್ದ. ಆಗ ಇತಿಹಾಸ ವಾದದ ಒಳಗೇ ಕೂರುತ್ತದೆ, ಮುಂದೆ ಗಂಟುಮೂಟೆ ಕಟ್ಟಿಕೊಂಡು ನಿಲ್ಲುವುದಿಲ್ಲ.

ಇನ್ನು ಛಂದಸ್ಸು. ‘ಅಯಾಂಬಿಕ್ ಪೆಂಟಾಮೀಟರ್’ ಅಂತ ಹೆಸರು ಬರೆದು ಮುಂದೆ ಹೋಗಿದ್ದೀಯ. ಹೆಸರಿಗೆ ಅಂಕವಿಲ್ಲ. ಎಂಟನೇ ಕ್ಲಾಸಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದವಳು ನೀನು. ಮೂರು-ನಾಲ್ಕು, ಮೂರು-ನಾಲ್ಕು ಅಂತ ಮೇಜು ಕುಟ್ಟುತ್ತಿದ್ದೆ. ಇಂಗ್ಲಿಷಿನಲ್ಲಿ ಎಣಿಸುವುದು ಮಾತ್ರೆಯನ್ನಲ್ಲ, ಒತ್ತನ್ನು. ಅಷ್ಟೇ ವ್ಯತ್ಯಾಸ. ಮೇಜು ಕುಟ್ಟಿಯೇ ನೋಡು. ಮಾಟಗಾತಿಯರ ‘ವೆನ್ ಶಲ್ ವಿ ಥ್ರೀ ಮೀಟ್ ಅಗೇನ್’: ಏಟಿನಿಂದಲೇ ಶುರು, ನಾಲ್ಕು ಏಟು. ಮ್ಯಾಕ್‌ಬೆತ್‌ನ ‘ಸೋ ಫೌಲ್ ಆ್ಯಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’: ಮೆತ್ತಗೆ ಶುರು, ಐದು ಏಟು, ಇದೇ ನಿನ್ನ ಅಯಾಂಬಿಕ್ ಪೆಂಟಾಮೀಟರ್. ಮನುಷ್ಯರ ನಡಿಗೆಯೇ ಬೇರೆ, ಮಾಟಗಾತಿಯರ ಕುಣಿತವೇ ಬೇರೆ. ಆದರೂ ಅವನ ಮೊದಲ ಮಾತಿನಲ್ಲೇ ಅವರ ‘ಫೇರ್’, ‘ಫೌಲ್’ ಬಂದುಬಿಟ್ಟಿವೆ, ಇನ್ನೂ ಅವರ ಮುಖ ನೋಡುವ ಮೊದಲೇ. ಐದನೇ ಅಂಕದಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವಾಗ ಏಟೇ ಇಲ್ಲ, ಅವಳ ಮಾತೆಲ್ಲ ಗದ್ಯ. ಸ್ವಲ್ಪ ನೀರು ಹಾಕಿದರೆ ಕೈ ಶುದ್ಧ ಅಂತ ಪದ್ಯದಲ್ಲಿ ಹೇಳಿದವಳು ಕೊನೆಗೆ ಗದ್ಯದಲ್ಲಿ ಕೈ ಉಜ್ಜುತ್ತಾಳೆ. ಇದೊಂದು ಸಾಕು, ಒಂದು ಪ್ಯಾರಾ ಬರೆಯಬಹುದು.

ಬರೆಯುವಾಗ ‘ಓದುಗ’ ಅನ್ನಬೇಡ, ‘ಪ್ರೇಕ್ಷಕ’ ಅನ್ನು. ಇದು ಆಡುವ ವಸ್ತು. ನಮ್ಮ ಬಿ.ವಿ. ಕಾರಂತರು 1979ರಲ್ಲಿ ಇದನ್ನೇ ‘ಬರ್ನಂ ವನ’ ಅಂತ ಯಕ್ಷಗಾನದ ಧಾಟಿಯಲ್ಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯವರಿಂದ ಹಿಂದಿಯಲ್ಲಿ ಆಡಿಸಿದ್ದರು. ನಿನ್ನ ಇನ್ನೊಂದು ನಾಟಕ, ಪ್ರೀಸ್ಟ್ಲಿಯ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ಗೂ ಇದೇ ಮಾತು. ಮೊದಲು ನಸುಗೆಂಪು ಬೆಳಕು, ಇನ್‌ಸ್ಪೆಕ್ಟರ್ ಬಂದ ಮೇಲೆ ಕಣ್ಣಿಗೆ ಚುಚ್ಚುವ ಬೆಳಕು. ಆ ರಂಗಸೂಚನೆಯೂ ನಾಟಕದ ಮಾತೇ, ಅದನ್ನೂ ಉದಾಹರಿಸಬಹುದು. 1912ರ ಕತೆಯಲ್ಲಿ ಮನೆಯ ಯಜಮಾನ ಬರ್ಲಿಂಗ್ ಟೈಟಾನಿಕ್ ಮುಳುಗುವುದೇ ಇಲ್ಲ ಅನ್ನುವಾಗ, ಎರಡು ಮಹಾಯುದ್ಧ ಮುಗಿದ ಮೇಲೆ ಕೂತು ನೋಡುವವರಿಗೆ ಹೇಗನಿಸಿರಬೇಕು ಯೋಚಿಸು. (ಊಟದ ಟೇಬಲ್ಲಿನಲ್ಲಿ ನಾನು ಥೇಟ್ ಬರ್ಲಿಂಗ್ ಅಂತ ನೀನು ಅಂದದ್ದನ್ನು ಮರೆತಿಲ್ಲ.)

ಪದ್ಯಗಳ ಬಗ್ಗೆ ಒಂದು ಮಾತು ಮಾತ್ರ ಹೇಳುತ್ತೇನೆ. ನಿನ್ನ ಪದ್ಯಸಂಕಲನ ‘ಪವರ್ ಆ್ಯಂಡ್ ಕಾನ್‌ಫ್ಲಿಕ್ಟ್’ನ 15 ಪದ್ಯಗಳಲ್ಲಿ ಒಂದನ್ನು ಪತ್ರಿಕೆಯಲ್ಲೇ ಕೊಡುತ್ತಾರೆ, ಹೋಲಿಕೆಗೆ ಇನ್ನೊಂದನ್ನು ನೀನು ನೆನಪಿನಿಂದ ತರಬೇಕು. ಜೋಡಿಗಳನ್ನು ಈಗಲೇ ಮಾಡಿಟ್ಟುಕೋ. ‘ಓಝಿಮಾಂಡಿಯಾಸ್’ನಲ್ಲಿ ರಾಜನ ವಿಗ್ರಹ ಕೆತ್ತಿದ ಶಿಲ್ಪಿಯ ಕೈಯ ಬಗ್ಗೆ ಶೆಲ್ಲಿ ‘ಮಾಕ್ಡ್’ ಅನ್ನುತ್ತಾನೆ. ನೀನು ಪಕ್ಕದಲ್ಲಿ ‘ಗೇಲಿ’ ಅಂತ ಬರೆದಿದ್ದೀಯ. ಅರ್ಧ ಸರಿ. ‘ಇದ್ದ ಹಾಗೇ ಮಾಡಿ ತೋರಿಸು’ ಅಂತಲೂ ಆ ಪದಕ್ಕೆ ಅರ್ಥವಿದೆ. ಕನ್ನಡದಲ್ಲಿ ಎರಡಕ್ಕೂ ಸೇರಿ ಒಂದೇ ಪದ: ಅಣಕಿಸು. ನಿನ್ನ ತಮ್ಮ ನನ್ನ ನಡಿಗೆಯನ್ನು ಮಾಡುತ್ತಾನಲ್ಲ, ಅದು. ರಾಜ ಹೇಳಿದ್ದನ್ನು ಶಿಲ್ಪಿ ಹಾಗೇ ಕೆತ್ತಿದ, ಕೆತ್ತುತ್ತಲೇ ಅವನ ಸೊಕ್ಕನ್ನೂ ಕಲ್ಲಿನಲ್ಲಿ ಹಿಡಿದುಬಿಟ್ಟ. ಇದರ ಪಕ್ಕಕ್ಕೆ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ ಇಡು. ಸತ್ತ ಹೆಂಡತಿಯ ಪಟದ ಮುಂದಿನ ಪರದೆ ಡ್ಯೂಕನ ಕೈಯಲ್ಲಿದೆ, ಸರಿ. ಆದರೆ ಪರದೆ ಸರಿಸಿದ ಕೂಡಲೇ ಅವಳ ಕೆನ್ನೆಯ ಕೆಂಪು ಹಾಗೇ ಇದೆ. ಕಲೆಗಾರನ ಕೈ ಒಡೆಯನ ಮಾತು ಕೇಳಿತೋ ಇಲ್ಲವೋ? ಎರಡು ಪದ್ಯಕ್ಕೂ ಇದೇ ಪ್ರಶ್ನೆ ಹಾಕು.

ಇನ್ನು ಪರೀಕ್ಷೆಯಲ್ಲೇ ಮೊದಲ ಸಲ ನೋಡುವ ಪದ್ಯಕ್ಕೆ 24 ಅಂಕ, ಅದನ್ನು ಅಂಥದ್ದೇ ಇನ್ನೊಂದರ ಜೊತೆ ಹೋಲಿಸುವುದಕ್ಕೆ 8. ಸುಮಾರು ಮುಕ್ಕಾಲು ಗಂಟೆ ಅದಕ್ಕೆಂದೇ ಇಟ್ಟುಕೋ. ಎರಡು ಸಲ ಓದದೆ ಪೆನ್ನು ಮುಟ್ಟಬೇಡ, ಅಷ್ಟೇ.

ಅಜ್ಜಿ ಕರೆಯುತ್ತಿದ್ದಾರೆ, ಹನ್ನೊಂದರ ಡ್ರಾಪ್ಸ್. ಕತೆ ಅರ್ಧಕ್ಕೆ ನಿಂತಿದೆ, ಕಾಡು ಹೇಗಪ್ಪಾ ನಡೆದು ಬರುತ್ತೆ ಅಂತ ರಾತ್ರಿಯಿಂದ ಕೇಳುತ್ತಿದ್ದಾರೆ. ಸಂಜೆ ಫೋನ್ ಮಾಡುತ್ತೇನೆ, ಅದನ್ನು ನೀನೇ ಹೇಳು. ಪುಸ್ತಕ ಕೈಯಲ್ಲಿ ಇರುವುದಿಲ್ಲವಲ್ಲ, ಒಳ್ಳೆಯದೇ ಆಯಿತು.

ನಿನ್ನ
ಅಪ್ಪ