ಕಾವಿಯೆಂದು ಕೊಟ್ಟದ್ದು ಕಾವಿಯಲ್ಲ

ಮಾನ್ಯರೇ,

ನಾನು ಪಡೀಲಿನ ನಿವೃತ್ತ ರೈಲ್ವೆ ನೌಕರ. ಮೊಮ್ಮಗನ ನೆಪದಲ್ಲಿ (ನಿಜ ಹೇಳಬೇಕೆಂದರೆ ನನಗಾಗಿಯೇ) 1:87 ಅಳತೆಯ ರೈಲು ಮಾದರಿ ಕಟ್ಟುತ್ತಿದ್ದೇನೆ. ಪ್ಲಾಸ್ಟರಿನ ಮುರಕಲ್ಲು ಗುಡ್ಡಕ್ಕೆ ಕಾವಿಪುಡಿಯನ್ನು ಒಣ ಬ್ರಷ್‌ನಿಂದ ತಿಕ್ಕಿ, ಸಂದುಗಳಿಗೆ ಚಿಟಿಕೆ ದೀಪದ ಮಸಿ ತುಂಬಿದೆ. ಥೇಟ್ ನಮ್ಮೂರ ಗುಡ್ಡವೇ! ಪುಡಿ ಉದುರದಿರಲೆಂದು ನೀರು ಬೆರೆಸಿದ ಅಂಟು ಸಿಂಪಡಿಸಿದ್ದೇ ತಡ, ಗುಡ್ಡ ಗುಲಾಬಿ ಬಣ್ಣಕ್ಕೆ ತಿರುಗಿ ಹಳಿಯ ಮೇಲೆ ಹರಿಯಿತು.

ಅಂಗಡಿಯಾತ ಕೊಟ್ಟದ್ದು ಬಣ್ಣ ಹಾಕಿದ ರಂಗೋಲಿ ಪುಡಿ. ನಿಜವಾದ ಕಾವಿಯ ಕೆಂಪು ಕಬ್ಬಿಣದ ಆಕ್ಸೈಡಿನದು. ನೀರಲ್ಲಿ ಕರಗದು, ಬಿಸಿಲಿಗೆ ಮಾಸದು. ಪೊಟ್ಟಣದೊಳಗೆ ಏನಿದೆಯೆಂದು ಒಂದು ಸಾಲು ಅಚ್ಚು ಹಾಕಿದರೆ ವ್ಯಾಪಾರಿಗಳಿಗೆ ನಷ್ಟವೇನು? ಈಗ ಪುಡಿಯನ್ನು ಮೊದಲು ಲೋಟದ ನೀರಿಗೆ ಕದಡಿ ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ಮೇಲೆ ತಿಳಿನೀರು ನಿಂತಿದ್ದರೆ ಮಾತ್ರ ಬ್ರಷ್ ಹಿಡಿಯುವುದು.

– ಓರ್ವ ಓದುಗ, ಪಡೀಲ್, ಮಂಗಳೂರು